ವಸ್ತಿ ಡ್ಯೂಟಿ ಮಾಡುವವನಿಗೆ ಪ್ರಾರ್ಥನೆಯ ಶಿಸ್ತು ಸಾಧ್ಯವಾ?

ಅಣಶಿ_ಕಂಡಕ್ಟರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ಬಸ್ ಕಂಡಕ್ಟರ್. ನಮ್ಮದು ಕೆಥೋಲಿಕ ಮನೆ. ಮನೆಮಾತು ಕೊಂಕಣಿ, ಓದಿದ್ದು ಕನ್ನಡ ಶಾಲೆಯಲ್ಲಿ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರು ಮಾಡ್ಕೋಬೇಡಿ.

ನನಗೆ ಜಾಸ್ತಿ ಬೀಳುವುದು ವಸ್ತಿ ಡ್ಯೂಟಿ. ಪೇಟೆಯವರಿಗೆ ಗೊತ್ತಿರಲಿಕ್ಕಿಲ್ಲ. ಸಂಜೆ ಕಾರವಾರ ಬಿಟ್ಟ ಬಸ್ಸು ಕದ್ರಾ ದಾಟಿ, ಅಣಶಿ ಘಟ್ಟ ಹತ್ತಿ, ಜೋಯಿಡಾ ಕಡೆಯ ಒಂದು ಹಳ್ಳಿಯಲ್ಲಿ ರಾತ್ರಿ ನಿಲ್ಲುತ್ತದೆ. ಮರುದಿನ ನಸುಕಿನಲ್ಲಿ ಅಲ್ಲಿಂದಲೇ ವಾಪಸ್. ನಾನೂ ಡ್ರೈವರಣ್ಣನೂ ಬಸ್ಸಿನಲ್ಲೇ ಮಲಗುತ್ತೇವೆ. ಹಿಂದಿನ ಉದ್ದ ಸೀಟು ನನಗೆ. ಸೊಳ್ಳೆಬತ್ತಿ ಹಚ್ಚಿ, ಕ್ಯಾಶ್ ಬ್ಯಾಗು ತಲೆಯಡಿ ಇಟ್ಟು, ಚಾದರ ಹೊದ್ದುಕೊಳ್ಳುವುದು. ಮಳೆಗಾಲದಲ್ಲಿ ಕಿಟಕಿಯ ಸಂದಿಯಿಂದ ಹನಿ ಕಾಲ ಮೇಲೆ ಬೀಳುತ್ತಿರುತ್ತದೆ.

ತಪಸ್ಸುಕಾಲ, ಅಂದರೆ ಪಾಸ್ಖ ಹಬ್ಬಕ್ಕೆ (ಈಸ್ಟರ್) ಮುಂಚಿನ ಉಪವಾಸದ ದಿನಗಳು, ಬಂತು ಅಂದರೆ ನನಗೆ ಎಲ್ಲಿಲ್ಲದ ಹುರುಪು. ವಿಭೂತಿ ಬುಧವಾರ ಹಣೆಗೆ ಬೂದಿ ಬಿದ್ದ ದಿನವೇ ಶುರು. ಮೀನು, ಮಾಂಸ ಬಂದ್. ದಿನಾ ಜಪಮಾಲೆ, ದಿನಾ ಬೈಬಲ್‌ನ ಒಂದು ಅಧ್ಯಾಯ. ಪಾಸ್ಖ ಹಬ್ಬದವರೆಗೆ ಹೇಗೋ ಎಳೆಯುತ್ತೇನೆ. ಹಬ್ಬ ಮುಗಿದು ಬಂಗಡೆ ಸಾರು ತಟ್ಟೆಗೆ ಬಂತೋ, ಜಪಮಾಲೆಯೂ ಹೋಯಿತು, ಅಧ್ಯಾಯವೂ ಹೋಯಿತು. ಪ್ರತಿ ವರ್ಷ ಇದೇ ಕಥೆ. ನಡುವೆ ಯಾವಾಗಲಾದರೂ ಮನಸ್ಸು ಮಾಡಿ ಹಿಂದಿನ ಸೀಟಿನಲ್ಲಿ ಜಪಮಾಲೆ ಹಿಡಿದರೆ ಎರಡನೇ ರಹಸ್ಯ (ಹತ್ತು ಮಣಿಗಳ ಒಂದು ಸುತ್ತು) ಮುಗಿಯುವುದರೊಳಗೆ ಗೊರಕೆ. ಬೆಳಿಗ್ಗೆ ಎದ್ದಾಗ ಮಣಿ ಸೀಟಿನ ಕೆಳಗೆ ಬಿದ್ದಿರುತ್ತದೆ.

ಇತ್ತೀಚೆಗೆ ಒಂದು ಧ್ಯಾನಕೂಟಕ್ಕೆ ಹೋಗಿದ್ದೆ. ಹೊರಗಿನಿಂದ ಬಂದ ಬೋಧಕರು "ಕಳ್ಳನು ರಾತ್ರಿಯಲ್ಲಿ ಬರುವ ಹಾಗೆ ಕರ್ತನ ದಿನ ಬರುತ್ತದೆ, ಇವತ್ತು ರಾತ್ರಿ ಬಂದರೆ ನೀನು ಸಿದ್ಧನಾ?" ಅಂತ ಬೆರಳು ಮಾಡಿ ಕೇಳಿದರು. ಅವತ್ತಿನಿಂದ ರಾತ್ರಿ ಆ ಕಾಡಿನ ನಡುವೆ ದೀಪ ಆರಿಸಿ ಮಲಗಿದಾಗ ಎದೆ ಡವಡವ ಅನ್ನುತ್ತದೆ. ಹೆದರಿ ಪ್ರಾರ್ಥನೆ ಮಾಡ್ತೇನೆ, ಅಷ್ಟರಲ್ಲಿ ಮತ್ತೆ ನಿದ್ದೆ.

ನನ್ನ ಪ್ರಶ್ನೆ ಎರಡು. ಸಿದ್ಧವಾಗಿರುವುದು ಅಂದರೆ ಹೀಗೆ ಹೆದರಿಕೊಂಡಿರುವುದಾ? ಗಂಟೆ, ವಾರ, ಹಬ್ಬ ಯಾವುದೂ ನನ್ನ ಕೈಯಲ್ಲಿಲ್ಲದ ಈ ಕೆಲಸದಲ್ಲಿ, ವರ್ಷವಿಡೀ ನಿಲ್ಲುವಂಥ ಶಿಸ್ತು ಯಾವುದು?

ಶಿರಸಿ_ಶಾಲೋಮ್:

ಬ್ರದರ್, ಬೇಜಾರಾಗಬೇಡಿ, ನೇರವಾಗಿ ಹೇಳ್ತೇನೆ. ಸಮಯ ಯಾರಿಗೂ ಇರುವುದಿಲ್ಲ, ಮಾಡಿಕೊಳ್ಳಬೇಕು. ಮಾರ್ಕ 1:35 ನೋಡಿ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ಏಕಾಂತ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಬೆಳಿಗ್ಗೆ ನಾಲ್ಕಕ್ಕೆ ಅಲಾರಂ ಇಡಿ. ಅರ್ಧ ಗಂಟೆ ವಾಕ್ಯ, ಅರ್ಧ ಗಂಟೆ ಪ್ರಾರ್ಥನೆ. ನಾನು ಕಾಲೇಜಿಗೆ ಹೋಗುವ ಮೊದಲು ಇದನ್ನೇ ಮಾಡುವುದು. ಮೊದಲು ಕಷ್ಟ, ಆಮೇಲೆ ಅಭ್ಯಾಸ ಆಗುತ್ತದೆ. ಹೆದರಿಕೆ ಸ್ವಲ್ಪ ಇದ್ದರೆ ಒಳ್ಳೆಯದೇ, ಎಚ್ಚರ ಆಗಿರ್ತೇವೆ. ಯೇಸುವನ್ನು ಹಿಡಿದುಕೊಟ್ಟ ರಾತ್ರಿ ಗೆತ್ಸೆಮನೆ ತೋಟದಲ್ಲಿ ಶಿಷ್ಯರು ಮಲಗಿದ್ದಾಗ ಅವರು "ಒಂದು ಗಂಟೆಯಾದರೂ ಎಚ್ಚರವಾಗಿರಲಾರಿರಾ" ಅಂತ ಕೇಳಿದ್ದು ನೆನಪಿರಲಿ.

ಅಕ್ಕೋರು_ಹೊನ್ನಾವರ:

ಕಂಡಕ್ಟರ್ ತಮ್ಮಾ, ನೀನು ಅಂತಲೇ ಬರೆಯುತ್ತೇನೆ. ನನ್ನ ಮಗನ ವಯಸ್ಸಿನವನಿರಬೇಕು. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಿ ಆದವಳು. ಭಾನುವಾರ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಮಕ್ಕಳಿಗೆ ಧರ್ಮೋಪದೇಶದ ಪಾಠ ಈಗಲೂ ಮಾಡುತ್ತೇನೆ. ಹಾಗಾಗಿ ಉದ್ದ ಬರೆಯುವ ಚಟ ಇದೆ.

ಶಿರಸಿಯ ತಮ್ಮ ಹೇಳಿದ್ದು ಕಾಲೇಜು ಹುಡುಗನಿಗೆ ಸರಿ. ಘಟ್ಟದ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಡುವವನು ನಾಲ್ಕಕ್ಕೆ ಎದ್ದರೆ ಮಧ್ಯಾಹ್ನ ಎಷ್ಟು ಜನರ ಮೇಲೆ ಹರಿಹಾಯುತ್ತಾನೆ ಅನ್ನುವುದನ್ನೂ ಲೆಕ್ಕ ಹಾಕಬೇಕು. ಮಾರ್ಕನ ಶುಭಸಂದೇಶದ ಒಂದನೇ ಅಧ್ಯಾಯದಲ್ಲಿ ಯೇಸು ನಸುಕಿನಲ್ಲಿ ಎದ್ದದ್ದು ನಿಜ. ಅದೇ ಮಾರ್ಕ, ನಾಲ್ಕನೇ ಅಧ್ಯಾಯ ತೆಗೆದು ನೋಡು. ದಿನವಿಡೀ ಜನರಿಗೆ ಬೋಧಿಸಿ ದಣಿದು, ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಕೊಟ್ಟು ಮಲಗಿದ್ದಾರೆ. ಬಿರುಗಾಳಿ ಎದ್ದು ದೋಣಿಗೆ ನೀರು ನುಗ್ಗಿದರೂ ಎಚ್ಚರ ಇಲ್ಲ. ನಿನ್ನ ಹಾಗೆಯೇ, ಹಿಂದಿನ ಸೀಟು! ಎರಡೂ ಅವರೇ.

ಈಗ ಹೆದರಿಕೆಯ ವಿಷಯ. ಸಿದ್ಧರಾಗಿರಿ ಅಂದಾಗ ಬೋಧಕರು ಮೊದಲು ಹೇಳುವುದು ಮತ್ತಾಯ 25ರ ಹತ್ತು ಕನ್ನಿಕೆಯರ ಕಥೆ. ದೀಪ ಹಿಡಿದು ಮದಲಿಂಗನನ್ನು ಎದುರುಗೊಳ್ಳಲು ಹೊರಟವರು, ಮದಲಿಂಗ ಬರುವುದು ತಡವಾಯಿತು. ಆಗ ಏನಾಯಿತು? ಐದನೇ ವಚನ ಓದು. ಎಲ್ಲರೂ ತೂಕಡಿಸಿ ನಿದ್ದೆ ಹೋದರು. ಎಲ್ಲರೂ! ಬುದ್ಧಿವಂತೆಯರು ಐದು ಜನ ಕಣ್ಣು ಬಿಟ್ಟು ಕೂತಿದ್ದರು, ದಡ್ಡಿಯರು ಮಾತ್ರ ಮಲಗಿದರು ಅಂತ ಎಷ್ಟೋ ಜನ ತಿಳಿದಿದ್ದಾರೆ. ನನ್ನ ಕ್ಲಾಸಿನ ಮಕ್ಕಳೂ ಪರೀಕ್ಷೆಯಲ್ಲಿ ಹಾಗೇ ಬರೆಯುತ್ತಾರೆ. ವ್ಯತ್ಯಾಸ ನಿದ್ದೆಯಲ್ಲಿ ಇಲ್ಲ. ಮಲಗುವ ಮೊದಲೇ ಪಾತ್ರೆಯಲ್ಲಿ ಎಣ್ಣೆ ತಂದು ಇಟ್ಟುಕೊಂಡಿದ್ದರಾ ಇಲ್ಲವಾ, ಅಷ್ಟೇ. ಮಧ್ಯರಾತ್ರಿ ಕೂಗು ಕೇಳಿದ ಮೇಲೆ ಅಂಗಡಿಗೆ ಓಡಿದವರಿಗೆ ಬಾಗಿಲು ಮುಚ್ಚಿತು. ಅದಕ್ಕೇ ನೀನು ದಣಿದು ಮಲಗುವುದು ನನಗೆ ದೊಡ್ಡ ವಿಷಯ ಅನ್ನಿಸುವುದಿಲ್ಲ. ಹಗಲು ಎಣ್ಣೆ ತುಂಬುವ ಕೆಲಸ ನಡೆದಿದೆಯಾ ಅನ್ನುವುದು ನೋಡಬೇಕು.

ಇನ್ನೊಂದು. ಲೂಕ 12ರಲ್ಲಿ ಯಜಮಾನ ಮದುವೆ ಮನೆಯಿಂದ ತಡರಾತ್ರಿ ಬರುತ್ತಾನೆ, ಆಳುಗಳು ದೀಪ ಹಚ್ಚಿಟ್ಟು ಕಾಯುತ್ತಿರುತ್ತಾರೆ. ಬಂದವನು ಏನು ಮಾಡುತ್ತಾನೆ ಗೊತ್ತಾ? ಲೆಕ್ಕ ಕೇಳುವುದಿಲ್ಲ. ತಾನೇ ನಡುಕಟ್ಟಿಕೊಂಡು, ಆಳುಗಳನ್ನು ಪಂಕ್ತಿಗೆ ಕೂರಿಸಿ, ತಾನೇ ಬಡಿಸುತ್ತಾನೆ. ಕಳ್ಳನ ಮಾತು ಬರುವುದು ಅದಾದ ಮೇಲೆ. ನಿಮ್ಮ ಬೋಧಕರು ಕಳ್ಳನನ್ನು ಇಟ್ಟುಕೊಂಡು ಊಟ ಬಿಟ್ಟಿದ್ದಾರೆ. ನೀನು ಯೇಸುವನ್ನು ಚೆಕಿಂಗ್ ಸ್ಕ್ವಾಡಿನವರನ್ನು ಕಾಯುವ ಹಾಗೆ ಕಾಯುತ್ತಿದ್ದೀಯ. ಯಾವ ತಿರುವಿನಲ್ಲಿ ಕೈ ಅಡ್ಡ ಹಾಕುತ್ತಾರೋ, ಯಾರ ಟಿಕೆಟ್ ಬಿಟ್ಟುಹೋಗಿದೆಯೋ ಅಂತ. ಹಾಗೆ ಕಾದರೆ ಪ್ರಾರ್ಥನೆ ಬಾರದು, ಬೆವರು ಬರುತ್ತದೆ.

ಇನ್ನು ಹಬ್ಬ ಮುಗಿದ ಕೂಡಲೇ ಎಲ್ಲ ಬಿಟ್ಟುಹೋಗುವುದು. ಇದು ನಿನ್ನ ಒಬ್ಬನ ಕಥೆ ಅಲ್ಲ. ನನ್ನ ತವರು ಕಾಸರಕೋಡು, ಶರಾವತಿಯ ಆಚೆ ದಂಡೆ. ಅಣ್ಣಂದಿರು ಪರ್ಸೀನ್ ಬೋಟಿನವರು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಬೋಟು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ನಮ್ಮ ಕೇರಿ ಒಂದು ಮಠವೇ. ಸಂಜೆ ಆಯಿತು ಅಂದರೆ ಮನೆಮನೆಯಲ್ಲಿ ತೆರ್ಸ್ (ಜಪಮಾಲೆ ಪ್ರಾರ್ಥನೆ), ಗಂಡಸರ ದಪ್ಪ ದನಿ ಮಳೆಯ ಸದ್ದನ್ನೂ ಮೀರಿ ಕೇಳುತ್ತಿತ್ತು. ಆಗಸ್ಟ್ ಬಂದು ಬೋಟು ಇಳಿದರೆ ಜಪಮಾಲೆ ಮೊಳೆಗೆ ಹೋಯಿತು. ಬಿಡುವಿದ್ದಾಗ ಮಾತ್ರ ನಡೆಯುವ ಶಿಸ್ತು ಬಿಡುವಿನ ಜೊತೆಗೇ ಹೋಗುತ್ತದೆ. ಅಣ್ಣಂದಿರು ಕೆಟ್ಟವರೇನಲ್ಲ. ಬಿಡುವಿನ ದಿನಕ್ಕೆ ಹೊಂದುವ ಪ್ರಾರ್ಥನೆಯನ್ನು ದುಡಿಮೆಯ ದಿನಕ್ಕೆ ತೊಡಿಸಲು ನೋಡಿದರು, ಆಗಲಿಲ್ಲ.

ನಮ್ಮ ಅಮ್ಮನಿಗೆ ಮಾತ್ರ ಆಗಸ್ಟೂ ಒಂದೇ ಜೂನೂ ಒಂದೇ. ಅವಳು ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಓದು ಬರಹ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಇಗರ್ಜಿಯ ಗಂಟೆ ಬಾರಿಸುತ್ತಾರಲ್ಲ, ಆಂಜೆಲುಸ್ ಪ್ರಾರ್ಥನೆಯದು, ಅದು ಕೇಳಿದ ಕೂಡಲೇ ಕತ್ತಿ ಕೆಳಗಿಡುತ್ತಿದ್ದಳು. ಕೈಗೆ ಅಂಟಿದ ಮೀನಿನ ಹುರುಪೆಯನ್ನು ಸೆರಗಿಗೆ ಒರೆಸಿಕೊಂಡು ಶಿಲುಬೆ ಗುರುತು ಹಾಕಿ, ತುಟಿ ಅಲ್ಲಾಡಿಸುತ್ತಿದ್ದಳು. ಅಬ್ಬಬ್ಬಾ ಅಂದರೆ ಎರಡು ನಿಮಿಷ. ಎದುರಿಗೆ ಗಿರಾಕಿ ನಿಂತಿದ್ದರೂ ಅಷ್ಟೇ, ಕಾಯಬೇಕು. ಪಕ್ಕದ ಖಾನಾವಳಿಯ ಕಾಮತರು "ಬಾಯೀ, ನಿನ್ನ ದೇವರು ಶಿಗಡಿ ಒಯ್ದರೆ ನಾನು ಜವಾಬ್ದಾರನಲ್ಲ" ಅಂತ ಚೇಷ್ಟೆ ಮಾಡುತ್ತಿದ್ದರು, ಆದರೂ ಕಾಯುತ್ತಿದ್ದರು. ಕೊನೆಕೊನೆಗೆ ಗಂಟೆ ಕೇಳದಿದ್ದ ದಿನ ಅವರೇ ನೆನಪು ಮಾಡುತ್ತಿದ್ದರಂತೆ.

ಅದಕ್ಕೇ ಹೇಳುವುದು, ಹೊಸ ಸಮಯ ಹುಡುಕಬೇಡ. ನಿನ್ನ ಡ್ಯೂಟಿಯಲ್ಲಿ ಹೇಗೂ ಬಂದೇ ಬರುವ ಮೂರು ಹೊತ್ತು ಹಿಡಿ. ಬೆಳಿಗ್ಗೆ ಟಿಕೆಟ್ ಮೆಷಿನ್ ಆನ್ ಮಾಡುವ ಮೊದಲು. ಮಧ್ಯಾಹ್ನ ಊಟಕ್ಕೆ ಡಬ್ಬಿ ಬಿಚ್ಚುವ ಮೊದಲು. ರಾತ್ರಿ ಕ್ಯಾಶ್ ಎಣಿಸಿ ಮುಗಿದ ಮೇಲೆ. ಒಂದೊಂದು ಹೊತ್ತಿಗೆ ಒಂದು "ಆಮ್ಚ್ಯಾ ಬಾಪಾ", ಯೇಸು ಕಲಿಸಿದ ಕರ್ತರ ಪ್ರಾರ್ಥನೆ, ನಿಧಾನವಾಗಿ. ಇದು ನನ್ನ ಸ್ವಂತ ಬುದ್ಧಿ ಅಲ್ಲ. ಆದಿ ಕ್ರೈಸ್ತರಿಗೆ ದಿನಕ್ಕೆ ಮೂರು ಸಲ ಕರ್ತರ ಪ್ರಾರ್ಥನೆ ಹೇಳುವ ಪದ್ಧತಿಯೇ ಇತ್ತು. ಬುಧವಾರ, ಶುಕ್ರವಾರ ಉಪವಾಸ. ಅವರಲ್ಲೂ ಆಳುಗಳು, ಕೂಲಿಗಳು ಬೇಕಾದಷ್ಟು ಜನ ಇದ್ದರು, ಅವರ ಹೊತ್ತೂ ಅವರ ಕೈಯಲ್ಲಿ ಇರಲಿಲ್ಲ.

ರಾತ್ರಿ ಹೊತ್ತಿಗೆ ಮಾತ್ರ ಇನ್ನೊಂದು ಸೇರಿಸು. ಚಂದಾವರದ ಇಗರ್ಜಿಗೆ ಡಿಸೆಂಬರ್ 3ರ ಹಬ್ಬಕ್ಕೆ ಹೋಗಿದ್ದೀಯಲ್ಲ? ಅಲ್ಲಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಅವರ ಜೊತೆಗಾರ ಮತ್ತು ಗುರು ಸಂತ ಇಗ್ನಾಸಿ. ಮೊದಲು ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಡಿದು ಕಾಲು ಮುರಿದುಕೊಂಡ ಮೇಲೆ ಈ ದಾರಿಗೆ ಬಂದವರು. ಅವರು ಕಲಿಸಿದ ಒಂದು ಲೆಕ್ಕ ಇದೆ. ಒಂದು ಸಲಕ್ಕೆ ಒಂದೇ ದೋಷ ಹಿಡಿಯಬೇಕು. ಪುಸ್ತಕದಲ್ಲಿ ದಿನಕ್ಕೆ ಎರಡು ಗೆರೆ, ಒಂದು ಮಧ್ಯಾಹ್ನದವರೆಗಿನದ್ದು, ಒಂದು ರಾತ್ರಿಯವರೆಗಿನದ್ದು. ಆ ದೋಷ ಎಷ್ಟು ಸಲ ಆಯಿತೋ ಅಷ್ಟು ಚುಕ್ಕಿ. ಮೊದಲ ಗೆರೆಗೂ ಎರಡನೆಯದಕ್ಕೂ, ನಿನ್ನೆಗೂ ಇವತ್ತಿಗೂ, ಆ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡುವುದು. ಕಂಡಕ್ಟರನಿಗೆ ಲೆಕ್ಕ ಬರೆಯುವುದನ್ನು ನಾನು ಹೇಳಿಕೊಡಬೇಕಾಗಿಲ್ಲ. ಯಾವ ದೋಷ ಹಿಡಿಯಬೇಕು ಅಂತ ನೀನೇ ನೋಡಿಕೋ. ಬಸ್ಸಿನಲ್ಲಿ ಓಡಾಡಿದವಳಾಗಿ ನಾನಾದರೆ ಚಿಲ್ಲರೆಯಿಂದ ಶುರುಮಾಡು ಅನ್ನುತ್ತೇನೆ. ನೂರರ ನೋಟು ಚಾಚಿದ ಮುದುಕನಿಗೆ ಏನು ಹೇಳಿದೆ, ಆಧಾರ್ ಕಾರ್ಡ್ ಮನೆಯಲ್ಲಿ ಮರೆತು ಬಂದು ಫ್ರೀ ಟಿಕೆಟ್ ಕೇಳಿದ ಹೆಂಗಸಿಗೆ ಯಾವ ದನಿಯಲ್ಲಿ ಹೇಳಿದೆ, ಅಲ್ಲಿ ಚುಕ್ಕಿ ಇಡು. ನಿಯಮ ಬಿಡು ಅನ್ನುತ್ತಿಲ್ಲ ಮತ್ತೆ. ದನಿ ಅಷ್ಟೇ.

ಇಷ್ಟು ಸಣ್ಣದರಿಂದ ಏನಾಗುತ್ತದೆ ಅಂತ ಕೇಳಬಹುದು. ಗೋವೆಯ ಸಂತ ಜೋಸೆಫ್ ವಾಜ್ ಅವರ ಚರಿತ್ರೆ ನೆನಪಿಸಿಕೋ. 1681ರಿಂದ 84ರವರೆಗೆ ನಮ್ಮ ಈ ಕೆನರಾ ಕರಾವಳಿಯಲ್ಲೇ ಓಡಾಡಿದವರು. 1687ರಲ್ಲಿ ಕೂಲಿಯವನ ವೇಷ ಹಾಕಿ ಲಂಕೆಗೆ ಹೋದರು. ಅಲ್ಲಿ ಡಚ್ಚರು ಕೆಥೋಲಿಕ ಧರ್ಮ ನಿಷೇಧಿಸಿ, ಪಾದ್ರಿಗಳನ್ನು ಓಡಿಸಿ ಮೂವತ್ತು ವರ್ಷ ಆಗುತ್ತ ಬಂದಿತ್ತು. ಪೂಜೆ (ಪಾದ್ರಿ ನಡೆಸುವ ಬಲಿಪೂಜೆ) ಇಲ್ಲ, ಪಾಪನಿವೇದನೆ ಇಲ್ಲ. ಯಾರು ನಮ್ಮವರು ಅಂತ ತಿಳಿಯುವುದು ಹೇಗೆ? ಕೊರಳಿಗೆ ಜಪಮಾಲೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರಂತೆ, ಯಾರ ಕಣ್ಣು ಮಾಲೆಯ ಮೇಲೆ ನಿಲ್ಲುತ್ತದೆ ನೋಡಲು. ಒಂದು ತಲೆಮಾರು ಪಾದ್ರಿಯ ಮುಖ ಕಾಣದೇ ಬೆಳೆದರೂ ಆ ಮಾಲೆಯ ಗುರುತು ಹಿಡಿಯುವವರು ಉಳಿದಿದ್ದರು. ಅದು ಮನೆಯೊಳಗೆ, ಕದ ಹಾಕಿಕೊಂಡು, ಗೊತ್ತಿದ್ದಷ್ಟನ್ನೇ ದಿನಾ ಹೇಳಿಕೊಂಡು ಬಂದದ್ದರ ಫಲ. ನನ್ನ ಮಟ್ಟಿಗೆ ಸಿದ್ಧತೆ ಅಂದರೆ ಅದು.

ಅಂಕೋಲಾ_ಅಣ್ಣಪ್ಪಣ್ಣ:

ಅಕ್ಕೋರು ಬರೆದದ್ದು ಬಹಳ ಇಷ್ಟವಾಯಿತು, ಅದರಲ್ಲೂ ಮೀನು ಪೇಟೆಯ ಮಾತು. ಆದರೆ ಚುಕ್ಕಿಯ ಲೆಕ್ಕಕ್ಕೆ ನನ್ನ ಒಪ್ಪಿಗೆ ಇಲ್ಲ. ನಾನು ಪ್ರಾಟೆಸ್ಟಂಟ್ ಸಭೆಯವನು, ಆ ದೃಷ್ಟಿಯಿಂದ ಹೇಳ್ತೇನೆ. ಚುಕ್ಕಿ ಕಡಿಮೆ ಆದ ವಾರ ಎದೆ ಉಬ್ಬಿಸುತ್ತೇವೆ, ಜಾಸ್ತಿ ಆದ ವಾರ ಪುಸ್ತಕ ಮುಚ್ಚಿಡುತ್ತೇವೆ. ಎರಡರಲ್ಲೂ ಕಣ್ಣು ನಮ್ಮ ಮೇಲೇ ಇರುತ್ತದೆ. ರಕ್ಷಣೆ ಕೃಪೆಯಿಂದ, ಲೆಕ್ಕದಿಂದ ಅಲ್ಲ.

ಹಾಗಂತ ಶಿಸ್ತೇ ಬೇಡ ಅನ್ನುವವನೂ ನಾನಲ್ಲ. ಹಿಂದೆ ಗ್ರೀಸಿನ ಕೊರಿಂಥದ ಹತ್ತಿರ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನಿಗೆ ಸಿಗುತ್ತಿದ್ದದ್ದು ಎಲೆಯ ಕಿರೀಟ, ನಾಲ್ಕು ದಿನಕ್ಕೆ ಬಾಡುವಂಥದ್ದು. ಅದಕ್ಕೇ ಅಪೊಸ್ತಲ ಪೌಲನು ಆ ಊರಿನವರಿಗೆ, ಅವರು ಬಾಡುವ ಕಿರೀಟಕ್ಕೆ ಇಷ್ಟು ದುಡಿಯುತ್ತಾರೆ, ನಾವು ಬಾಡದಿರುವುದಕ್ಕೆ ಅಂತ ಬರೆದ. ತನ್ನ ಶಿಷ್ಯ ತಿಮೊಥೆಯನಿಗೂ ದೇಹಸಾಧನೆಯಿಂದ ಸ್ವಲ್ಪ ಲಾಭ, ಭಕ್ತಿಸಾಧನೆಯಿಂದ ಎಲ್ಲದರಲ್ಲೂ ಲಾಭ ಅಂದ. ಸಾಧನೆ ಬೇಕು. ದೇವರಿಗೆ ಮಗನಾದ ಮೇಲೆ ಮಾಡುವ ಸಾಧನೆ ಅದು, ಮಗನಾಗಲು ಕಟ್ಟುವ ಫೀ ಅಲ್ಲ.

ಕಂಡಕ್ಟರ್ ಅವರೇ, ನನ್ನ ಸಲಹೆ ಒಂದೇ. ವಾರಕ್ಕೆ ಬೈಬಲ್‌ನ ಒಂದು ಕೀರ್ತನೆ. ದಿನಾ ಬೇರೆ ಬೇರೆ ಅಧ್ಯಾಯ ಬೇಡ. ಅದೇ ಕೀರ್ತನೆಯನ್ನು ಏಳು ದಿನವೂ ಫೋನಿನಲ್ಲಿ ಕೇಳಿ. 121ನೆಯದರಿಂದ ಶುರು ಮಾಡಿ, ಬೆಟ್ಟಗಳ ಕಡೆಗೆ ಕಣ್ಣೆತ್ತುವುದು, ಘಟ್ಟ ಹತ್ತುವವರಿಗೆ ಹೊಂದುತ್ತದೆ. ಕಾಯುವಾತ ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ ಅಂತ ಅದರಲ್ಲೇ ಇದೆ. ಎಚ್ಚರವಾಗಿರುವ ಕೆಲಸ ಅವನು ಮಾಡುತ್ತಾನೆ, ನೀವು ಮಲಗಿ.

ಅಣಶಿ_ಕಂಡಕ್ಟರ್:

ಎಲ್ಲರಿಗೂ ಧನ್ಯವಾದ. ಅಕ್ಕೋರೇ, ಚೆಕಿಂಗ್‌ನವರ ಮಾತು ಓದಿ ನಕ್ಕುಬಿಟ್ಟೆ. ಡ್ರೈವರಣ್ಣನಿಗೂ ಓದಿ ಹೇಳಿದೆ.

ಅವರು ಲಿಂಗಾಯತರು, ಧಾರವಾಡ ಕಡೆಯವರು. ಬೆಳಿಗ್ಗೆ ಎಷ್ಟೇ ತಡವಾಗಲಿ, ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಎಳೆದು, ಸ್ಟೀರಿಂಗ್ ಮುಟ್ಟಿ ನಮಸ್ಕಾರ ಮಾಡಿ, ಡ್ಯಾಶ್‌ಬೋರ್ಡಿಗೆ ಒಂದು ಊದುಬತ್ತಿ ಸಿಕ್ಕಿಸಿದ ಮೇಲೆಯೇ ಸೆಲ್ಫ್ ಹೊಡೆಯುವುದು. ನಾನು ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು ಮೊಬೈಲ್ ನೋಡುತ್ತಿರುತ್ತೇನೆ. "ನಿನಗೆ ಟೈಮಿಲ್ಲ ಅಂತೀಯಲ್ಲೋ, ನಾ ಊದುಬತ್ತಿ ಹಚ್ಚೂದ್ರಾಗ ನಿಂದೂ ಮುಗಸು" ಅಂದರು. ಅಲ್ಲಿಗೆ ಬೆಳಗಿನ ಹೊತ್ತು ನಿಕ್ಕಿ ಆಯಿತು.

ಚುಕ್ಕಿ ವಿಷಯದಲ್ಲಿ ನನಗೆ ಅಂಕೋಲಾದವರ ಹೆದರಿಕೆ ಅರ್ಥ ಆಗ್ತದೆ. ಆದರೂ ಮಾಡಿ ನೋಡುತ್ತೇನೆ. ಲೆಕ್ಕ ಇಡದಿದ್ದರೆ ನಾನು ಎಲ್ಲ ಸರಿ ಇದೆ ಅಂದುಕೊಳ್ಳುವ ಜಾತಿ. ಚಿಲ್ಲರೆ ಮಾತು ಮಾತ್ರ ನೆಟ್ಟಗೆ ನಾಟಿತು. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಎಲ್ಲರೂ ಐನೂರರ ನೋಟು ತಂದರೆ ಸಂತ ಇಗ್ನಾಸಿಯೂ ಏನು ಮಾಡುತ್ತಿದ್ದರೋ ನೋಡಬೇಕಿತ್ತು.

ಇನ್ನೂ ಮೂರು ಸಂಶಯ. ಉಪವಾಸದ ದಿನ ಡ್ಯೂಟಿ ಇದ್ದರೆ ಘಟ್ಟದ ತಿರುವಿನಲ್ಲಿ ತಲೆ ಸುತ್ತುತ್ತದೆ, ಏನು ಮಾಡಬೇಕು? ಭಾನುವಾರ ಡ್ಯೂಟಿ ಬಿದ್ದು ಪೂಜೆ ತಪ್ಪಿದರೆ? ಕೊನೆಯದು, ಹೊಸದರಲ್ಲಿ ಎಲ್ಲ ಚೆನ್ನಾಗಿರುತ್ತದೆ, ಎರಡು ವಾರ ಕಳೆದರೆ ಬಾಯಿ ಹೇಳುತ್ತಿರುತ್ತದೆ, ಒಳಗೆ ಏನೂ ಇರುವುದಿಲ್ಲ. ಆಗ?

ಕುಮಟಾ_ಸಿಸ್ಟರ್:

ನಾನು ಕನ್ಯಾಸ್ತ್ರೀ ಅಲ್ಲ, ಆಸ್ಪತ್ರೆ ಸಿಸ್ಟರ್! ಉಪವಾಸದ ಬಗ್ಗೆ ಮಾತ್ರ ಹೇಳ್ತೇನೆ.

ನಮ್ಮ ಧರ್ಮಸಭೆಯ ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59 ತುಂಬುವವರೆಗೆ. ಉಪವಾಸ ಅಂದರೆ ನೀರೂ ಮುಟ್ಟದೇ ಇರುವುದಲ್ಲ. ಒಂದು ಪೂರ್ತಿ ಊಟ, ಬೆಳಿಗ್ಗೆ ಸಂಜೆ ಸ್ವಲ್ಪ ಏನಾದರೂ ತಿನ್ನಬಹುದು. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ವಿನಾಯಿತಿ ಇದೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು. ಶುಭ ಶುಕ್ರವಾರ ಮಧ್ಯಾಹ್ನ ಶಿಲುಬೆ ಹಾದಿಯಲ್ಲಿ ಬಿದ್ದು ನಮ್ಮ ವಾರ್ಡಿಗೆ ಬರುವವರನ್ನು ನೋಡಿದ್ದೇನೆ.

ಅಂದ ಹಾಗೆ, ತಪಸ್ಸುಕಾಲ ನಲವತ್ತು ದಿನ ಅನ್ನುತ್ತೇವೆ, ಕ್ಯಾಲೆಂಡರ್ ಎಣಿಸಿದರೆ ಪಾಸ್ಖ ಹಬ್ಬದ ಮುನ್ನಾದಿನದವರೆಗೆ 46 ದಿನ. ಭಾನುವಾರ ಆರನ್ನು ಉಪವಾಸದ ಲೆಕ್ಕಕ್ಕೆ ಹಿಡಿದಿಲ್ಲ, ಅದು ಪುನರುತ್ಥಾನದ ದಿನ. ತಪಸ್ಸಿನ ನಡುವೆಯೂ ವಾರಕ್ಕೊಂದು ಹಬ್ಬ ಇಟ್ಟಿದ್ದಾರೆ. ನಿಮಗೆ ತಲೆ ಸುತ್ತುತ್ತದೆ ಅಂದರೆ ಮೊದಲು ಒಮ್ಮೆ ಬಿಪಿ, ರಕ್ತ ತೋರಿಸಿಕೊಳ್ಳಿ. ಆಮೇಲೆ ಉಪವಾಸದ ಮಾತು.

ಶಿರಸಿ_ಶಾಲೋಮ್:

ಅಕ್ಕೋರೇ, ಮಾರ್ಕ 4ರ ದಿಂಬು ನಾನು ಗಮನಿಸಿಯೇ ಇರಲಿಲ್ಲ. ಒಪ್ಪಿದೆ. ಆದರೆ ಗೆತ್ಸೆಮನೆಗೆ ನೀವು ಉತ್ತರ ಹೇಳಲಿಲ್ಲ. ಅಲ್ಲಿ ಮಲಗಿದ್ದಕ್ಕೆ ಯೇಸು ಬೇಸರ ಮಾಡಿಕೊಂಡರಲ್ವಾ?

ಅಕ್ಕೋರು_ಹೊನ್ನಾವರ:

ಒಳ್ಳೆಯ ಪ್ರಶ್ನೆ, ಜಾರಿಕೊಳ್ಳುವುದಿಲ್ಲ. ಅಲ್ಲಿ ಮಲಗಿದವರನ್ನು ಯೇಸು ಕೇಳಿಕೊಂಡದ್ದು ಆ ಒಂದು ಗಂಟೆ, ಜೊತೆಗಿರಿ ಅಂತ. ಗೆಳೆಯ ಸಂಕಟದಲ್ಲಿದ್ದಾಗ ಮಲಗುವುದು ಬೇರೆ, ದಿನದ ದುಡಿಮೆ ಮುಗಿಸಿ ಮಲಗುವುದು ಬೇರೆ. ಆದರೂ ಆತ್ಮಕ್ಕೆ ಮನಸ್ಸಿದೆ, ದೇಹಕ್ಕೆ ಬಲ ಸಾಲದು ಅಂತ ಅವರ ಪರವಾಗಿ ತಾನೇ ಹೇಳಿದ್ದೂ ಅದರ ಮುಂದಿನ ವಚನದಲ್ಲೇ ಇದೆ. ನನ್ನನ್ನು ಕೇಳಿದರೆ, ಅಂಥ ಗಂಟೆ ನಮಗೂ ಬರುತ್ತದೆ. ಮನೆಯಲ್ಲಿ ಯಾರದಾದರೂ ಹಾಸಿಗೆ ಪಕ್ಕ ರಾತ್ರಿ ಕೂರಬೇಕಾದಾಗ. ಅವತ್ತು ನಿದ್ದೆ ಬಿಡಬೇಕು. ದಿನಾ ನಾಲ್ಕಕ್ಕೆ ಎದ್ದು ಅವತ್ತು ಮಲಗಿಬಿಟ್ಟರೆ ಏನು ಬಂತು?

ಅಂಕೋಲಾದ ಅಣ್ಣಪ್ಪಣ್ಣನವರೇ, ಫೀ ಅಲ್ಲ ಅಂದದ್ದು ನನಗೂ ಒಪ್ಪಿಗೆ. ನಾನೂ ಕಟ್ಟಿಲ್ಲ. ಆದರೆ ಚುಕ್ಕಿ ಬಿಡುವುದಿಲ್ಲ. ನಿಮ್ಮ 121ನೇ ಕೀರ್ತನೆಯನ್ನು ಇವತ್ತೇ ಕೇಳಿದೆ.

ಕಂಡಕ್ಟರ್ ತಮ್ಮಾ, ಒಳಗೆ ಏನೂ ಇಲ್ಲ ಅನ್ನಿಸುವ ಆ ಹೊತ್ತಿಗೆ ಸಾವಿರದಾರುನೂರು ವರ್ಷಕ್ಕೂ ಹಿಂದೆ ಈಜಿಪ್ಟಿನ ಮರುಭೂಮಿಯಲ್ಲಿ ಎವಾಗ್ರಿಯಸ್ ಅನ್ನುವ ಸನ್ಯಾಸಿ ಮಧ್ಯಾಹ್ನದ ಪಿಶಾಚಿ ಅಂತ ಕರೆದಿದ್ದಾನೆ. ಅವನು ಬರೆದದ್ದು ಓದಿದರೆ ನಗು ಬರುತ್ತದೆ. ಸೂರ್ಯ ಜಾಗ ಬಿಟ್ಟು ಕದಲುತ್ತಿಲ್ಲ ಅನ್ನಿಸುತ್ತದಂತೆ. ಸನ್ಯಾಸಿ ಸುಮ್ನೆ ಕಿಟಕಿಯಿಂದ ಹೊರಗೆ ನೋಡುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟಿದೆ ಅಂತ ಬಿಸಿಲು ಅಳೆಯುತ್ತಾನೆ, ಯಾರಾದರೂ ಮಾತಾಡಿಸಲು ಬರುತ್ತಾರಾ ಅಂತ ಕತ್ತು ಚಾಚುತ್ತಾನೆ, ಬೇರೆ ಜಾಗಕ್ಕೆ ಹೋದರೆ ಭಕ್ತಿ ಚೆನ್ನಾಗಿ ನಡೆಯುತ್ತಿತ್ತು ಅಂದುಕೊಳ್ಳುತ್ತಾನೆ. ನಿನ್ನ ಡಿಪೋದ ಎರಡು ಗಂಟೆಯ ಹೊತ್ತು ನೆನಪಾಯಿತಾ? ಅವನು ಹೇಳುವ ಮದ್ದು ಒಂದೇ, ಗುಡಿಸಲು ಬಿಟ್ಟು ಹೊರಡಬೇಡ. ರುಚಿ ಹುಡುಕಿಕೊಂಡು ಹೊಸ ಪ್ರಾರ್ಥನೆಗೆ ಜಿಗಿಯಬೇಡ. ಆ ಮೂರು ಹೊತ್ತು, ಅದೇ ಪ್ರಾರ್ಥನೆ, ಬಾಯಿ ಮಾತ್ರ ಹೇಳಿದರೂ ಹೇಳು. ಅದು ನಿನ್ನ ಪಾಲಿನದು, ಉಳಿದದ್ದು ದೇವರ ಪಾಲಿಗೆ ಬಿಡು. ಎರಡು ವಾರಕ್ಕೆ ಅಂಥ ಹೊತ್ತು ಬಂದೇ ಬರುತ್ತದೆ ಅಂತ ಈಗಲೇ ಗೊತ್ತಿರುವುದರಿಂದ, ಬಂದಾಗ ಗಾಬರಿ ಬೇಡ.

ಭಾನುವಾರದ್ದು ಸುಲಭ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರದ ಕರ್ತವ್ಯ ಪೂರೈಸಿದ ಹಾಗೆಯೇ, ಧರ್ಮಸಭೆಯ ಕಾನೂನಿನಲ್ಲೇ ಇದೆ. ಡ್ಯೂಟಿ ಚಾರ್ಟ್ ಬಂದ ಕೂಡಲೇ ನೋಡಿಕೋ. ಶನಿವಾರ ಸಂಜೆಯೂ ವಸ್ತಿ ಬಿದ್ದಿದೆ, ಭಾನುವಾರವೂ ಬಿಡುವಿಲ್ಲ ಅಂದರೆ ನಿನ್ನ ಇಗರ್ಜಿಯ ಫಾದರ್ ಹತ್ತಿರ ಮೊದಲೇ ಹೇಳಿ ಅನುಮತಿ ತೆಗೆದುಕೋ. ತಪ್ಪಿಸಲಾಗದ ಕೆಲಸ ಇರುವವರಿಗೆ ಅದು ಪಾಪ ಅಲ್ಲ. ಅಂಥ ವಾರ ಆ ಭಾನುವಾರದ ಶುಭಸಂದೇಶ ಯಾವುದು ಅಂತ ಕೇಳಿಕೊಂಡು ಬಸ್ಸಿನಲ್ಲೇ ಓದಿಕೋ. ಫಾದರ್ ಫೋನಿನಲ್ಲಿ ಸಿಗದಿದ್ದರೆ ಇಲ್ಲೇ ಕೇಳು, ಶನಿವಾರ ರಾತ್ರಿಯೊಳಗೆ ಹಾಕುತ್ತೇನೆ.